ಸೋಲಲು ಬಿಡದ ಆಟ

ನಾಗಪುರದಿಂದ ಜಬಲ್‌ಪುರದ ಕಡೆಗೆ ಹೊರಟರೆ ಮೊದಲು ಕಾಮಠಿ ಸಿಗುತ್ತದೆ. ಅಲ್ಲಿಂದ ಮುಂದೆ ಸೇತುವೆ ದಾಟಿದರೆ ಕನ್ಹಾನ್. ನದಿಗೂ ಊರಿಗೂ ಒಂದೇ ಹೆಸರು. ಕಾಮಠಿ 1821ರಲ್ಲಿ ಬ್ರಿಟಿಷರು ಕಟ್ಟಿದ ದಂಡುಪ್ರದೇಶ; ಬ್ರಿಗೇಡ್ ಆಫ್ ದ ಗಾರ್ಡ್ಸ್ ರೆಜಿಮೆಂಟಿನ ಕೇಂದ್ರ ಈಗ ಅಲ್ಲಿದೆ. ಕನ್ಹಾನ್ ಸುತ್ತಮುತ್ತ ಕಲ್ಲಿದ್ದಲು ಗಣಿಗಳಿವೆ. ಸೈನ್ಯ ಮತ್ತು ಗಣಿ, ಎರಡೂ ತಪ್ಪು ಮಾಡಿ ಕಲಿಯಲು ಅವಕಾಶವಿಲ್ಲದ ಕಸುಬುಗಳು. ಆದ್ದರಿಂದಲೇ ಎರಡರಲ್ಲೂ ಮೊದಲೇ ಆಡಿ ನೋಡುವ ರೂಢಿ ಇದೆ. ಸೈನಿಕರು ಮರಳಿನಲ್ಲಿ ಬೆಟ್ಟ, ಹೊಳೆ, ದಾರಿಗಳನ್ನು ಮಾಡಿಕೊಂಡು ಅದರ ಸುತ್ತ ನಿಂತು ಯೋಚಿಸುತ್ತಾರೆ. ಗಣಿಯವರು ಇಲ್ಲದ ಬೆಂಕಿಯನ್ನು ಇದೆ ಎಂದುಕೊಂಡು ಅಣಕು ಕಾರ್ಯಾಚರಣೆ ಮಾಡುತ್ತಾರೆ.

ಇಂದು ಬೆಂಗಳೂರು, ಪುಣೆಗಳ ಯುವಕರು ವಾರಾಂತ್ಯದಲ್ಲಿ ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ಪಾತ್ರದ ಆಟಗಳೂ ಹುಟ್ಟಿದ್ದು ಸೈನ್ಯದ ಮೇಜಿನಿಂದಲೇ. 1824ರಲ್ಲಿ ಪ್ರಷ್ಯಾದ ಲೆಫ್ಟಿನೆಂಟ್ ರೈಸ್‌ವಿಟ್ಜ್ ನಕಾಶೆ, ದಾಳ ಮತ್ತು ಒಬ್ಬ ತೀರ್ಪುಗಾರನನ್ನು ಇಟ್ಟು ಯುದ್ಧದಾಟವೊಂದನ್ನು ರೂಪಿಸಿದ. ಅದರ ನಿಯಮಗಳು ಬೆಳೆದು ಬೆಳೆದು ಆಡುವುದೇ ಕಷ್ಟವಾದಾಗ, 1876ರಲ್ಲಿ ವೆರ್ಡಿ ದು ವೆರ್ನುವಾ ಎಂಬ ಸೇನಾಧಿಕಾರಿ ನಿಯಮಗಳನ್ನು ಬದಿಗಿಟ್ಟು ಅನುಭವಿ ತೀರ್ಪುಗಾರನ ವಿವೇಚನೆಗೆ ಬಿಡುವ ದಾರಿ ತೋರಿಸಿದ. ಯುದ್ಧದಾಟದ ಹವ್ಯಾಸಿಗಳಾಗಿದ್ದ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಹೊರತಂದರು. ಆಟಗಾರನ ಕೈಯಲ್ಲಿ ಈಗ ಇಡೀ ಸೈನ್ಯವಿರಲಿಲ್ಲ, ಒಂದೇ ಒಂದು ಪಾತ್ರವಿತ್ತು.

ಈ ಆಟದಿಂದ ಕೆಲಸದ ಜಾಗಕ್ಕೆ ಏನನ್ನು ತರಬಹುದು ಎಂದು ಕೇಳಿದರೆ ತಂಡಸ್ಫೂರ್ತಿ, ಸೃಜನಶೀಲತೆ ಎಂಬ ಸವೆದ ಉತ್ತರಗಳೇ ಸಿಗುತ್ತವೆ. ಇವು ಸುಳ್ಳಲ್ಲ, ಆದರೆ ಇವುಗಳಿಂದ ಹೆಚ್ಚಿನ ಉಪಯೋಗವೂ ಇಲ್ಲ. ಆಟದ ಮೇಜಿನಲ್ಲಿರುವ, ಕಚೇರಿಯ ಮೇಜಿನಲ್ಲಿಲ್ಲದ ಮುಖ್ಯ ಸಂಗತಿ ಬೇರೆಯೇ ಇದೆ. ಅಲ್ಲಿ ಯಾರು ಬೇಕಾದರೂ ಸೋಲಬಹುದು, ಆ ಸೋಲನ್ನು ಯಾರೂ ಅಳಿಸುವಂತಿಲ್ಲ.

ಅಳಿಸಿದರೆ ಏನಾಗುತ್ತದೆ ಎಂಬುದಕ್ಕೆ 1942ರ ಮಿಡ್‌ವೇ ಸಾಕ್ಷಿ. ಆ ಕದನಕ್ಕೆ ಮೊದಲು ಜಪಾನಿನ ನೌಕಾಪಡೆ ಮೇಜಿನ ಮೇಲೆ ಅದನ್ನು ಆಡಿ ನೋಡಿತ್ತು. ಆಟದಲ್ಲಿ ಅಮೆರಿಕದ ವಿಮಾನಗಳು ದಾಳಿ ಮಾಡಿದಾಗ ದಾಳದ ಲೆಕ್ಕದಂತೆ ಒಂಬತ್ತು ಬಾಂಬುಗಳು ಬಿದ್ದು, ಅಕಾಗಿ ಮತ್ತು ಕಾಗಾ ಎಂಬ ವಿಮಾನವಾಹಕ ನೌಕೆಗಳು ಮುಳುಗಿದವು. ಆಟ ನಡೆಸುತ್ತಿದ್ದ ಹಿರಿಯ ಅಧಿಕಾರಿ ಉಗಾಕಿ ಒಂಬತ್ತನ್ನು ಮೂರಕ್ಕೆ ಇಳಿಸಿದರು. ಅಕಾಗಿ ಉಳಿಯಿತು. ಮುಳುಗಿದ ಕಾಗಾ ಕೂಡ ಮುಂದಿನ ಸುತ್ತಿನಲ್ಲಿ ತೇಲಿ ಬಂತು. ಇದನ್ನು ಜಪಾನಿನ ನೌಕಾ ವಿಮಾನಪಡೆಯ ಅಧಿಕಾರಿ ಮಿತ್ಸುವೊ ಫುಚಿದಾ ಯುದ್ಧದ ನಂತರ ಬರೆದಿದ್ದಾರೆ. ಜೂನ್ ತಿಂಗಳ ನಿಜವಾದ ಕದನದಲ್ಲಿ ಅವೆರಡೂ ಮುಳುಗಿದವು, ಜೊತೆಗೆ ಇನ್ನೆರಡು ವಿಮಾನವಾಹಕಗಳೂ ಹೋದವು. ಅಪಾಯವಿದೆಯೆಂದು ಆಟ ಮೊದಲೇ ಹೇಳಿತ್ತು. ಕೇಳಿಸಿಕೊಳ್ಳುವ ಮನಸ್ಸು ಮೇಲಿನವರಿಗೆ ಇರಲಿಲ್ಲ.

ನಮ್ಮ ಕಚೇರಿಗಳ ತರಬೇತಿ ಕೊಠಡಿಗಳಲ್ಲಿ ನಡೆಯುವುದೂ ಬಹುಪಾಲು ಇದೇ. ಒಬ್ಬರು ಸಿಟ್ಟಾದ ಗ್ರಾಹಕ, ಇನ್ನೊಬ್ಬರು ಸಮಾಧಾನ ಹೇಳುವ ಸಿಬ್ಬಂದಿ. ಐದು ನಿಮಿಷಕ್ಕೆ ಗ್ರಾಹಕ ಕರಗಲೇಬೇಕು, ಏಕೆಂದರೆ ಮುಂದಿನ ಸ್ಲೈಡ್ ಕಾಯುತ್ತಿದೆ. ಕರಗದ ಗ್ರಾಹಕನ ಪಾತ್ರ ಮಾಡಿದವರು ಮೊಂಡರೆನಿಸಿಕೊಳ್ಳುತ್ತಾರೆ. ಇಂಥ ಕಡೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಯಾರೂ ಏನನ್ನೂ ಕಲಿಯುವುದಿಲ್ಲ.

ಸರಿಯಾದ ಮೇಜು ಹೇಗಿರಬೇಕೆಂದು ತಿಳಿಯಲು ಕನ್ನಡಿಗರು ಪ್ರಷ್ಯಾಕ್ಕೆ ಹೋಗಬೇಕಾಗಿಲ್ಲ. ಕರಾವಳಿಯಲ್ಲೂ ಕಾಸರಗೋಡಿನಲ್ಲೂ ತಾಳಮದ್ದಳೆ ಇದೆ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಪದ ಹೇಳುತ್ತಾರೆ, ಕುಳಿತ ಅರ್ಥಧಾರಿಗಳು ಪಾತ್ರವಾಗಿ ಆಶುವಾಗಿ ಮಾತಾಡುತ್ತಾರೆ. ವಾಲಿವಧೆಯ ಕೊನೆ ಎಲ್ಲರಿಗೂ ಗೊತ್ತು: ವಾಲಿ ಸಾಯುತ್ತಾನೆ. ಆದರೂ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂಬ ಪ್ರಶ್ನೆಯನ್ನು ವಾಲಿ ಎತ್ತಿದಾಗ ರಾಮನಿಗೆ ಸುಲಭದ ಉತ್ತರ ಸಿಗಬಾರದು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಘಟಾನುಘಟಿಗಳು ವಾಲಿ, ರಾವಣರಂಥ ಪಾತ್ರಗಳಿಗೆ ಕೂರುತ್ತಿದ್ದುದನ್ನು ಇಲ್ಲಿ ನೆನೆಯಬೇಕು. ಸೋಲಲಿರುವ ಪಕ್ಷಕ್ಕೂ ಸಮರ್ಥ ಮಾತುಗಾರ ಸಿಗುತ್ತಾನೆ. ತೀರ್ಮಾನ ಬದಲಾಗದಿದ್ದರೂ ಅದರ ಬೆಲೆ ಏನೆಂಬುದು ಎಲ್ಲರೆದುರು ಬಯಲಾಗುತ್ತದೆ.

ಕಚೇರಿಗೆ ಬೇಕಾದದ್ದು ಇದೇ. ಶಾಖೆ ಮುಚ್ಚುವುದು, ಹೊಸ ತಂತ್ರಾಂಶಕ್ಕೆ ಹೋಗುವುದು ಮುಂತಾದ ಎಷ್ಟೋ ನಿರ್ಧಾರಗಳು ಸಭೆಗೆ ಬರುವ ಹೊತ್ತಿಗೆ ಆಗಿಹೋಗಿರುತ್ತವೆ. ಆಗಲೂ ವಿರೋಧದ ಪಾತ್ರವನ್ನು ಹೊಸದಾಗಿ ಸೇರಿದ ಹುಡುಗನಿಗೆ ಕೊಡದೆ, ತಂಡದ ಅತ್ಯಂತ ಸಮರ್ಥರಿಗೇ ಕೊಡಬೇಕು. ಪಾತ್ರವಾಗಿ ಆಡಿದ ಮಾತು ವೈಯಕ್ತಿಕವಾಗುವುದಿಲ್ಲ. ಮೇಲಧಿಕಾರಿಗೆ ನೇರವಾಗಿ ಹೇಳಲಾಗದ್ದನ್ನು ವಾಲಿಯಾಗಿ ಹೇಳಬಹುದು.

ಇನ್ನೊಂದು ಪಾಠ ಪ್ರಶ್ನೆ ಕೇಳುವ ರೀತಿಯದ್ದು. ಸಭೆಗಳಲ್ಲಿ ‘ನಿಮಗೇನನ್ನಿಸುತ್ತದೆ?’ ಎಂದು ಕೇಳುತ್ತಾರೆ. ಆಟ ನಡೆಸುವವರು ‘ಈಗ ನೀವೇನು ಮಾಡುತ್ತೀರಿ?’ ಎನ್ನುತ್ತಾರೆ. ಸೈಬರ್ ದಾಳಿಯಾದರೆ ಆರು ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಸರ್ಕಾರಿ ನಿರ್ದೇಶನ ಹೇಳುತ್ತದೆ. ಯಾವ ಕಂಪನಿಯಲ್ಲೂ ‘ಇದು ಮುಖ್ಯವೇ?’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ಶನಿವಾರ ರಾತ್ರಿ ಎರಡು ಗಂಟೆ, ಮುಖ್ಯಸ್ಥರು ವಿಮಾನದಲ್ಲಿದ್ದಾರೆ, ಈಗ ಫೋನ್ ಎತ್ತುವವರು ಯಾರು ಎಂದು ಕೇಳಿದಾಗ ಮೌನ ಕವಿಯುತ್ತದೆ. ಆ ಮೌನಕ್ಕಾಗಿಯೇ ಆಟ ಆಡಬೇಕು.

ತಕರಾರುಗಳಿವೆ. ಮಾತುಬಲ್ಲವರು ಮೇಲುಗೈ ಸಾಧಿಸುತ್ತಾರೆ, ಸಂಕೋಚದವರು ಮೂಲೆ ಸೇರುತ್ತಾರೆ, ವಾದ ವಿತಂಡಕ್ಕೆ ತಿರುಗುತ್ತದೆ. ತಾಳಮದ್ದಳೆಯ ಮೇಲೂ ಈ ದೂರು ಇದ್ದೇ ಇದೆ. ಅಲ್ಲಿ ಮದ್ದೂ ಇದೆ: ಮಾತು ಹದ ತಪ್ಪಿದಾಗ ಭಾಗವತರು ಮುಂದಿನ ಪದ ಎತ್ತುತ್ತಾರೆ, ಪ್ರಸಂಗ ಮುಂದೆ ಸಾಗುತ್ತದೆ. ಕಚೇರಿಯ ಆಟಕ್ಕೂ ಅಂಥ ಭಾಗವತ ಬೇಕು, ಮತ್ತು ಅವರು ಮೇಲಧಿಕಾರಿ ಆಗಿರಕೂಡದು. ಮೇಲಧಿಕಾರಿ ಒಂದು ಪಾತ್ರ ಹಿಡಿದು ಕೂರಲಿ, ಸಹಾಯವಾಣಿಯಲ್ಲಿ ಫೋನ್ ಎತ್ತುವವರ ಪಾತ್ರವಾದರೆ ಇನ್ನೂ ಒಳ್ಳೆಯದು. ಆಟ ಮುಗಿದ ಮೇಲೆ ಅಷ್ಟೇ ಹೊತ್ತು ಕೂತು, ಎಲ್ಲಿ ಎಡವಿದೆವು ಎಂದು ಮಾತಾಡಲಿ. ಆ ಮಾತು ಯಾರ ವಾರ್ಷಿಕ ಮೌಲ್ಯಮಾಪನಕ್ಕೂ ಸೇರಬಾರದು. ಸೇರುತ್ತದೆಂದು ತಿಳಿದ ದಿನವೇ ಎಲ್ಲರೂ ಸುರಕ್ಷಿತವಾಗಿ ಆಡತೊಡಗುತ್ತಾರೆ.

ಗಣಿಯಲ್ಲಿ ಅಣಕು ಕಾರ್ಯಾಚರಣೆ ತಪ್ಪಿಹೋದರೆ ಅದು ಅಭ್ಯಾಸ ವ್ಯರ್ಥವಾಯಿತೆಂಬ ಸೂಚನೆಯಲ್ಲ. ಯಾವ ದಾರಿ ಮುಚ್ಚಿದೆ, ಯಾರ ದೀಪ ಹತ್ತಲಿಲ್ಲ ಎಂಬುದು ಯಾರೂ ಸಾಯುವ ಮೊದಲೇ ತಿಳಿಯಿತೆಂದು ಅರ್ಥ. ಕೆಲಸದ ಮೇಜಿಗೆ ಆಟ ತರುವವರು ದಾಳ, ನಕಾಶೆ, ಪಾತ್ರಗಳ ಪಟ್ಟಿಯನ್ನೆಲ್ಲ ಆಮೇಲೆ ಹುಡುಕಲಿ. ಅದಕ್ಕೆ ಮೊದಲು, ಕಾಗಾ ಮುಳುಗಿದರೆ ಮುಳುಗಿತೆಂದೇ ಬರೆದುಕೊಳ್ಳುತ್ತೇವೆ ಎಂಬ ಮಾತನ್ನು ಅಲ್ಲಿನ ಹಿರಿಯರಿಂದ ಪಡೆಯಲಿ.