ಗಂಡನ ರಕ್ತವನ್ನೂ ಪಡೆಯಿರಿ: ಆರೋಗ್ಯ ಸಚಿವರಿಗೆ ಕೊಪ್ಪಳ ಜಿಲ್ಲೆಯಿಂದ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರೇ,

ತಮ್ಮ ಸಮಯ ಕಡಿಮೆ ಎಂದು ಬಲ್ಲೆ, ಆದ್ದರಿಂದ ಬೇಡಿಕೆಯನ್ನು ಮೊದಲೇ ಹೇಳುತ್ತೇನೆ. ಎರಡು ಸಲ ಗರ್ಭ ಇಳಿದ ಹೆಣ್ಣುಮಗಳಿಗೆ ಮತ್ತು ಆಕೆಯ ಗಂಡನಿಗೆ, ಇಬ್ಬರಿಗೂ, ಕೊಪ್ಪಳ ಜಿಲ್ಲೆಯೊಳಗೇ ಕ್ರೋಮೋಸೋಮ್ ಪರೀಕ್ಷೆಗೆ ರಕ್ತ ಕೊಡುವ ವ್ಯವಸ್ಥೆ ಆಗಬೇಕು. ಆ ಪರೀಕ್ಷೆಯ ವರದಿಯನ್ನು ಕನ್ನಡದಲ್ಲಿ ಕೂತು ತಿಳಿಸಿ ಹೇಳುವ ಒಬ್ಬರು ಬೇಕು. ಅದಾದ ಮೇಲೆ ಆಕೆ ಮತ್ತೆ ಬಸುರಿಯಾದರೆ, ಮೊದಲ ವಾರಗಳಿಂದಲೇ ಕೈಹಿಡಿಯುವ ಆಸ್ಪತ್ರೆ ಬೇಕು.

ನಾನು ಯಲಬುರ್ಗಾ ತಾಲ್ಲೂಕಿನ ಮಗಳು, ಕುಷ್ಟಗಿ ತಾಲ್ಲೂಕಿನ ಸೊಸೆ, ಗಂಗಾವತಿಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಈಗ ಏಳು ತಿಂಗಳ ಬಸುರಿ. ಇದಕ್ಕೆ ಮೊದಲಿನ ಗರ್ಭಗಳು ಮೂರು ತಿಂಗಳು ತುಂಬುವ ಮೊದಲೇ ಒಂದರ ಹಿಂದೊಂದು ಹೋದವು.

ನಮ್ಮ ಕಡೆ ಇಂಥದ್ದಕ್ಕೆ ಕಾರಣ ಹುಡುಕುವುದು ಸೊಸೆಯ ಮೈಯಲ್ಲಿ. ಆಕೆಗೆ ಉಷ್ಣ ಹೆಚ್ಚು, ಗರ್ಭಕೋಶಕ್ಕೆ ಬಲವಿಲ್ಲ, ಪಪ್ಪಾಯಿ ತಿಂದಳು, ಕೊಡ ಹೊತ್ತಳು, ಗಾಡಿ ಮೇಲೆ ಕೂತು ಊರಿಂದೂರಿಗೆ ಅಡ್ಡಾಡಿದಳು. ಯಾವುದೂ ಹೊಂದದಿದ್ದರೆ ಯಾರದೋ ಕಣ್ಣು ಬಿತ್ತು. “ಆಕಿಗೆ ಹೊಟ್ಟಿ ನಿಲ್ಲಂಗಿಲ್ರಿ” ಎಂಬ ಮಾತನ್ನು ನಾನು ಒಂದು ಕುಬಸದ (ಸೀಮಂತದ) ಮನೆಯಲ್ಲಿ ನನ್ನ ಬೆನ್ನ ಹಿಂದೆಯೇ ಕೇಳಿದ್ದೇನೆ. ಅಲ್ಲಿ ಆರತಿ ಎತ್ತಲು ಎಲ್ಲರನ್ನೂ ಕರೆದರು, ನನ್ನನ್ನು ಕರೆಯಲಿಲ್ಲ. ಹುಲಿಗೆಮ್ಮನಿಗೆ ಉಡಿ ತುಂಬುವ ಹರಕೆ ನಾನೂ ಹೊತ್ತವಳು. ಆ ತಾಯಿಯ ಮುಂದೆ ಅತ್ತು ಬಂದ ದಿನ ಎದೆಯ ಭಾರ ಇಳಿದದ್ದು ನಿಜ. ಅಲ್ಲಿ ಯಾರೂ ನನ್ನ ತಪ್ಪೇನೆಂದು ಕೇಳಲಿಲ್ಲ. ಊರಿನಲ್ಲಿ ಕೇಳಿದರು. ನಮ್ಮ ಮನೆಯವರಿಗೆ ಇನ್ನೊಂದು ಹೆಣ್ಣು ನೋಡುವ ಮಾತೂ ಎದ್ದಿತು.

ಆ ಮದುವೆ ಆಗಿದ್ದರೆ ಎರಡನೆಯ ಹೆಣ್ಣಿಗೂ ಇದೇ ದುಃಖ ಕಾದಿರಬಹುದಿತ್ತು. ಕಾರಣವಿದ್ದದ್ದು ನನ್ನಲ್ಲಲ್ಲ, ನನ್ನ ಗಂಡನ ಕ್ರೋಮೋಸೋಮುಗಳಲ್ಲಿ. ಅದು ಅವರ ತಪ್ಪೂ ಅಲ್ಲ. ಹುಟ್ಟುತ್ತಲೇ ಬಂದದ್ದು, ಯಾವ ಚಟದಿಂದಲೂ ಬಂದದ್ದಲ್ಲ. ಗಟ್ಟಿಮುಟ್ಟಾದ ಆಳು, ಒಂದು ದಿನ ಜ್ವರವೆಂದು ಮಲಗಿದವರಲ್ಲ. ಅವರ ರಕ್ತವನ್ನೂ ನೋಡಬೇಕೆಂದು ಹೇಳುವ ವೈದ್ಯರು ಸಿಗಲು ನಾವು ನಮ್ಮ ಜಿಲ್ಲೆ ದಾಟಿ ದೂರದ ಊರಿಗೆ ಹೋಗಬೇಕಾಯಿತು. ಅಲ್ಲಿಯವರೆಗೆ ಎಲ್ಲರೂ ನನ್ನನ್ನೇ ಪರೀಕ್ಷಿಸಿದರು.

ಅಲ್ಲಿ ನಮಗೆ ತಿಳಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮನುಷ್ಯನ ಪ್ರತಿ ಕೋಶದಲ್ಲಿ 46 ಕ್ರೋಮೋಸೋಮುಗಳು, 23 ಜೋಡಿ. ಕೆಲವರಲ್ಲಿ ಒಂದು ಕ್ರೋಮೋಸೋಮಿನ ತುಂಡು ಇನ್ನೊಂದಕ್ಕೂ, ಅದರ ತುಂಡು ಇದಕ್ಕೂ ಅಂಟಿಕೊಂಡಿರುತ್ತದೆ. ವೈದ್ಯರು ಇದನ್ನು ಟ್ರಾನ್ಸ್‌ಲೊಕೇಶನ್ ಎನ್ನುತ್ತಾರೆ. ಎರಡು ಇಳಕಲ್ ಸೀರೆಗಳಿಗೆ ಒಂದರ ಸೆರಗು ಇನ್ನೊಂದಕ್ಕೆ ಕೂಡಿಸಿ ನೇಯ್ದಂತೆ. ಎರಡೂ ಮನೆಯಲ್ಲೇ ಇರುವವರೆಗೆ ಏನೂ ಕಡಿಮೆಯಿಲ್ಲ, ಆ ವ್ಯಕ್ತಿ ಪೂರ್ತಿ ಆರೋಗ್ಯವಂತ. ಆದರೆ ಮಗುವಿನ ಪಾಲಿಗೆ ಅದರಲ್ಲೊಂದೇ ಹೋದರೆ ಒಂದು ಸೆರಗು ಹೆಚ್ಚಾಗುತ್ತದೆ, ಇನ್ನೊಂದು ಇಲ್ಲವಾಗುತ್ತದೆ. ಅಂಥ ಭ್ರೂಣ ಬಹುಪಾಲು ಉಳಿಯುವುದಿಲ್ಲ. ಎರಡೂ ಹೋದರೆ, ಇಲ್ಲವೇ ಬದಲಾಗದ ಜೋಡಿಯೇ ಹೋದರೆ, ಮಗು ಚೆನ್ನಾಗಿರುತ್ತದೆ. ಯಾವುದು ಹೋಗುತ್ತದೆಂದು ತಾಯಿ ತಿಂದ ಪಪ್ಪಾಯಿ ನಿರ್ಧರಿಸುವುದಿಲ್ಲ.

ಮೊದಲ ಮೂರು ತಿಂಗಳಲ್ಲಿ ಇಳಿಯುವ ಗರ್ಭಗಳಲ್ಲಿ ಸುಮಾರು ಅರ್ಧ, ಭ್ರೂಣದ ಕ್ರೋಮೋಸೋಮುಗಳ ಲೆಕ್ಕ ತಪ್ಪಿದ್ದರಿಂದ ಇಳಿಯುತ್ತವೆ. ಅದರಲ್ಲಿ ಹೆಚ್ಚಿನವು ಆ ಒಂದು ಸಲದ ಆಕಸ್ಮಿಕ. ಪದೇ ಪದೇ ಗರ್ಭಪಾತವಾಗುವ ದಂಪತಿಗಳಲ್ಲಿ ನೂರಕ್ಕೆ ಮೂರರಿಂದ ಐದು ಜೋಡಿಗಳಲ್ಲಿ ಗಂಡ ಅಥವಾ ಹೆಂಡತಿಯಲ್ಲಿ ಈ ಅದಲು ಬದಲು ಸಿಗುತ್ತದೆ. ಇಷ್ಟು ಸಣ್ಣ ಸಂಖ್ಯೆಗೆ ಇಷ್ಟು ಖರ್ಚೇಕೆ ಎಂದು ತಮ್ಮ ಇಲಾಖೆಯ ಅಧಿಕಾರಿಗಳು ಕೇಳಬಹುದು. ಉಳಿದ ಜೋಡಿಗಳಿಗೂ ಅದರಿಂದ ಒಂದು ಉತ್ತರ ಸಿಗುತ್ತದೆ ಎಂಬುದು ನನ್ನ ಮಾತು. ಇಬ್ಬರದೂ ಸರಿಯಿದೆ ಎಂಬ ವರದಿ ಕೈಗೆ ಬಂದರೆ ಥೈರಾಯ್ಡ್, ಸಕ್ಕರೆ, ಗರ್ಭಕೋಶದ ಆಕಾರ ಎಂದು ಮುಂದಿನ ಕಾರಣಗಳತ್ತ ಹೋಗಬಹುದು. ಕಾರಣವೇ ಗೊತ್ತಾಗದಿದ್ದರೂ, ಇದು ಸೊಸೆಯ ನಡತೆಯ ಫಲವಲ್ಲ ಎಂದು ಬಿಳಿ ಕೋಟು ಹಾಕಿದವರೊಬ್ಬರು ಅತ್ತೆಯ ಎದುರು ಹೇಳಿದಂತಾಗುತ್ತದೆ. ಆ ಮಾತಿಗೆ ನಮ್ಮ ಹಳ್ಳಿಗಳಲ್ಲಿ ಔಷಧಿಗಿಂತ ಹೆಚ್ಚಿನ ಬೆಲೆಯಿದೆ.

ಇನ್ನೊಂದು ವಿಷಯವನ್ನು ಇಂಥ ವರದಿ ಕೈಗೆ ಬಂದ ಎಲ್ಲ ದಂಪತಿಗಳಿಗೂ ಕೂಗಿ ಹೇಳಬೇಕೆನಿಸುತ್ತದೆ. ನೆದರ್‌ಲ್ಯಾಂಡ್ಸ್‌ನ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ರೀತಿಯ ಕ್ರೋಮೋಸೋಮ್ ಬದಲಾವಣೆ ಇದ್ದ ದಂಪತಿಗಳಲ್ಲಿ ನೂರಕ್ಕೆ 83 ಜೋಡಿಗಳಿಗೆ ಕೊನೆಗೆ ಕನಿಷ್ಠ ಒಂದು ಆರೋಗ್ಯವಂತ ಮಗುವಾಯಿತು. ಬದಲಾವಣೆ ಇಲ್ಲದ ದಂಪತಿಗಳಲ್ಲಿ ಆ ಸಂಖ್ಯೆ 84. ನಡುವೆ ಗರ್ಭಪಾತಗಳು ಇವರಲ್ಲಿ ಹೆಚ್ಚಾದವು, ಅದನ್ನು ಮುಚ್ಚಿಡಬಾರದು. ಆದರೆ ಮಗುವೇ ಆಗುವುದಿಲ್ಲ ಎಂಬ ತೀರ್ಪು ಇದಲ್ಲ. ಈ ಒಂದು ಅಂಕಿ ನಮಗೆ ತಿಳಿದ ದಿನ ನಮ್ಮ ಮನೆಯವರು ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡರು.

ಸೋದರಿಕೆಯ ಬಗ್ಗೆಯೂ ಹೇಳಲೇಬೇಕು. ಕರ್ನಾಟಕದಲ್ಲಿ ಸುಮಾರು ಕಾಲು ಭಾಗದಷ್ಟು ಮದುವೆಗಳು ಸಂಬಂಧಿಕರೊಳಗೇ ಆಗುತ್ತವೆ. ನಮ್ಮ ಕಡೆ ಅಕ್ಕನ ಮಗಳು, ಅತ್ತೆಯ ಮಗ ಎಂದರೆ ಮೊದಲ ಹಕ್ಕು. ಗಂಡ ಹೆಂಡತಿ ಇಬ್ಬರೂ ಒಂದೇ ಅಡಗಿದ ದೋಷ ಹೊತ್ತು ಬರುವ ಕಾಯಿಲೆಗಳಿಗೆ ಸೋದರಿಕೆ ದಾರಿ ಮಾಡಿಕೊಡುತ್ತದೆ, ಅದು ನಿಜ. ಆದರೆ ಟ್ರಾನ್ಸ್‌ಲೊಕೇಶನ್ ತೊಂದರೆ ಕೊಡಲು ಇಬ್ಬರಲ್ಲಿ ಒಬ್ಬರಲ್ಲಿದ್ದರೆ ಸಾಕು, ಸಂಬಂಧ ಇದ್ದರೂ ಇಲ್ಲದಿದ್ದರೂ ಒಂದೇ. ನಮ್ಮದು ಹೊರಗಿನ ಸಂಬಂಧ. ಈ ಎರಡು ಬಗೆಯ ಕಾರಣಗಳನ್ನೂ ಕಲಸಿ “ಸೋದರಿಕೆ ಮಾಡ್ಕೊಂಡಿದ್ದಕ್ಕ ಹಿಂಗಾತು” ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಆಸ್ಪತ್ರೆಗಳಲ್ಲೂ ಇದ್ದಾರೆ. ತರಬೇತಿ ಪಡೆದ ಆನುವಂಶಿಕ ಸಲಹೆಗಾರರು ಬೇಕೆಂದು ನಾನು ಕೇಳುವುದು ಇದಕ್ಕೇ.

ಕಾನೂನು ನಮ್ಮ ಪರವಾಗಿದೆ, ಮಾನ್ಯರೇ. ಭ್ರೂಣಲಿಂಗ ಪತ್ತೆ ತಡೆಯಲೆಂದು ಬಂದ 1994ರ ಪಿಸಿಪಿಎನ್‌ಡಿಟಿ ಕಾಯ್ದೆ, ಪ್ರಸವಪೂರ್ವ ಆನುವಂಶಿಕ ಪರೀಕ್ಷೆಯನ್ನು ಯಾವ ಗರ್ಭಿಣಿಗೆ ಮಾಡಬಹುದು ಎಂದು ಪಟ್ಟಿ ಮಾಡುತ್ತದೆ. ಎರಡು ಅಥವಾ ಹೆಚ್ಚು ಸಲ ತಾನಾಗಿ ಗರ್ಭಪಾತವಾದವಳು ಆ ಪಟ್ಟಿಯಲ್ಲಿದ್ದಾಳೆ. ಸಂಸತ್ತು ಮೂವತ್ತು ವರ್ಷಗಳ ಹಿಂದೆಯೇ ಎಣಿಸಿದ ಈ ಹೆಣ್ಣನ್ನು ನಮ್ಮ ತಾಲ್ಲೂಕು ಆಸ್ಪತ್ರೆಗಳು ಇನ್ನೂ ಎಣಿಸಿಲ್ಲ. ಆಕೆಯ ತಾಯಿ ಕಾರ್ಡಿನಲ್ಲಿ ಹಿಂದಿನ ಗರ್ಭಪಾತಗಳ ಸಂಖ್ಯೆ ಬರೆಯುತ್ತಾರೆ. ಆ ಸಂಖ್ಯೆ ಎರಡಾದರೆ ಮುಂದೇನು ಮಾಡಬೇಕು ಎಂಬುದನ್ನು ನನಗಂತೂ ಯಾರೂ ಹೇಳಲಿಲ್ಲ.

ಕಷ್ಟದ ಕೆಲಸವನ್ನೇನೂ ನಾನು ಕೇಳುತ್ತಿಲ್ಲ. ಪರೀಕ್ಷೆಗೆ ಬೇಕಾದದ್ದು ಇಬ್ಬರಿಂದ ಕೆಲವೇ ಎಂ.ಎಲ್. ರಕ್ತ, ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ಹಸಿರು ಮುಚ್ಚಳದ ಟ್ಯೂಬು. ಕೋಶಗಳು ಜೀವಂತವಾಗಿರಬೇಕು, ಆದ್ದರಿಂದ ಮಂಜುಗಡ್ಡೆಯಾಗುವಷ್ಟು ತಣಿಸದೆ ಒಂದೆರಡು ದಿನದೊಳಗೆ ಪ್ರಯೋಗಾಲಯ ತಲುಪಿಸಬೇಕು. ಅಲ್ಲಿ ಮೂರು ದಿನ ಬೆಳೆಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಹೋಲಿಸಿ ನೋಡುತ್ತಾರೆ. ಕೊಪ್ಪಳ ಬಿಟ್ಟ ಹಂಪಿ ಎಕ್ಸ್‌ಪ್ರೆಸ್ ಮರುದಿನ ಬೆಳಗ್ಗೆ ಬೆಂಗಳೂರಿನಲ್ಲಿರುತ್ತದೆ. ಕ್ಷಯದ ಕಫದ ಮಾದರಿಗಳನ್ನು ಅಂಚೆಯಲ್ಲಿ ಸಾಗಿಸುವ ವ್ಯವಸ್ಥೆ ದೇಶದಲ್ಲಿದೆ. ಹಾಗಿರುವಾಗ ಎರಡು ಟ್ಯೂಬು ರಕ್ತಕ್ಕಾಗಿ ಗಂಡ ಹೆಂಡತಿ ಇಬ್ಬರೂ ಕೂಲಿ ಬಿಟ್ಟು, ಸಾಲ ಮಾಡಿ, ಭಾಷೆ ಗುರುತು ಇಲ್ಲದ ಊರಿನಲ್ಲಿ ವಸತಿ ಹುಡುಕುವುದು ಯಾಕೆ? ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ರಕ್ತ ಸಂಗ್ರಹ ಅಲ್ಲಿಂದಲೇ ಆರಂಭವಾಗಲಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಆಸ್ಪತ್ರೆಗಳಿಗೆ ವಾರಕ್ಕೊಂದು ದಿನ ಗೊತ್ತು ಮಾಡಿ. ಹಾಗೆಯೇ ಗರ್ಭಪಾತದ ನಂತರ ಗರ್ಭಕೋಶ ಸ್ವಚ್ಛ ಮಾಡುವ ಡಿ ಅಂಡ್ ಸಿ ಮಾಡಿದಾಗ ಹೊರಬಂದ ಅಂಶವನ್ನು ಚೆಲ್ಲದೆ ಸಲೈನ್‌ನಲ್ಲಿ ಹಾಕಿ ಕಳಿಸಲು ಸಿಬ್ಬಂದಿಗೆ ಕಲಿಸಿ. ಫಾರ್ಮಲಿನ್‌ಗೆ ಹಾಕಿದರೆ ಕೋಶ ಸಾಯುತ್ತದೆ, ಬೆಳೆಸಿ ನೋಡಲು ಬರುವುದಿಲ್ಲ. ಕಾರಣ ಎಷ್ಟೋ ಸಲ ಆ ಅಂಶದಲ್ಲೇ ಸಿಗುತ್ತದೆ.

ಹಣದ ಮಾತಿಗೆ ಬಂದರೆ, ಸಂವಿಧಾನದ 371 (ಜೆ) ವಿಧಿ ನಮಗೆ ಸಿಕ್ಕಿದ್ದು, ಅದರ ಬಲದಿಂದ ಕಲ್ಯಾಣ ಕರ್ನಾಟಕಕ್ಕೆ ಅಭಿವೃದ್ಧಿ ಮಂಡಳಿ ಇರುವುದು ಇಂಥ ಕೊರತೆ ತುಂಬಲೆಂದೇ. 2019ರಲ್ಲಿ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆ ‘ಉಮ್ಮೀದ್’ ಯೋಜನೆ ತಂದಾಗ ಗರ್ಭಿಣಿಯರ ಮತ್ತು ನವಜಾತ ಶಿಶುಗಳ ಆನುವಂಶಿಕ ತಪಾಸಣೆಗೆ ಆರಿಸಿದ ಜಿಲ್ಲೆಗಳಲ್ಲಿ ನಮ್ಮದೇ ಕಲ್ಯಾಣ ಕರ್ನಾಟಕದ ಯಾದಗಿರಿಯೂ ಒಂದು. ಬೆಂಗಳೂರಿನ ಮಾನವ ಆನುವಂಶಿಕ ಕೇಂದ್ರ ಆ ಯೋಜನೆಯಲ್ಲಿ ವೈದ್ಯರಿಗೆ ತರಬೇತಿ ಕೊಟ್ಟ ಸಂಸ್ಥೆಗಳಲ್ಲಿ ಒಂದು. ದಾರಿ ಇದೆ. ಯಾದಗಿರಿಯವರೆಗೆ ಬಂದದ್ದು ಕೊಪ್ಪಳದವರೆಗೂ ಬರಲಿ.

ಇಷ್ಟರಲ್ಲೇ ಮುಗಿಸಲಾರೆ, ಯಾಕೆಂದರೆ ಸರ್ಕಾರದ ಪರೀಕ್ಷೆ ಇಲ್ಲದ ಕಡೆ ಖಾಸಗಿ ಪರೀಕ್ಷೆ ಬೇರೆ ರೂಪದಲ್ಲಿ ಬಂದು ಕೂತಿದೆ. ನನ್ನ ರಕ್ತವನ್ನು ಮೊದಲು ಕಳಿಸಿದ್ದು ‘ಮ್ಯುಟೇಶನ್ ಪ್ಯಾನೆಲ್’ ಎಂಬ ದುಬಾರಿ ಪರೀಕ್ಷೆಗೆ. ಎಂಟಿಎಚ್‌ಎಫ್‌ಆರ್ ಜೀನ್‌ನಲ್ಲಿ ಬದಲಾವಣೆ ಇದೆ ಎಂದು ಕೆಂಪಕ್ಷರದಲ್ಲಿ ಬಂತು, ನಾವು ನಡುಗಿದೆವು. ಆ ಬದಲಾವಣೆ ಮಕ್ಕಳೊಂದಿಗರಾದ ಆರೋಗ್ಯವಂತರಲ್ಲೂ ಬಹಳ ಮಂದಿಯಲ್ಲಿ ಸಿಗುತ್ತದೆ. ಪದೇ ಪದೇ ಗರ್ಭಪಾತದ ತಪಾಸಣೆಯಲ್ಲಿ ಅದನ್ನು ಪರೀಕ್ಷಿಸಬೇಡಿ ಎಂದು ಅಮೆರಿಕದ ವೈದ್ಯಕೀಯ ಆನುವಂಶಿಕ ತಜ್ಞರ ಕಾಲೇಜು 2013ರಲ್ಲೇ ಹೇಳಿದೆ. ಹಾಗೆಯೇ, ರಕ್ತ ಹೆಪ್ಪುಗಟ್ಟಿಸುವ ಆನುವಂಶಿಕ ಬದಲಾವಣೆಗಳಿದ್ದು ಪದೇ ಪದೇ ಗರ್ಭ ಕಳೆದುಕೊಂಡ ಮಹಿಳೆಯರಿಗೆ ಹೆಪಾರಿನ್ ಸೂಜಿ ಕೊಟ್ಟು ನೋಡಿದ ಅಲೈಫ್-2 ಪ್ರಯೋಗದ ಫಲಿತಾಂಶ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಸೂಜಿ ಪಡೆದವರಲ್ಲಿ ನೂರಕ್ಕೆ 72 ಮಂದಿಗೆ, ಪಡೆಯದವರಲ್ಲಿ 71 ಮಂದಿಗೆ ಜೀವಂತ ಮಗು ಹುಟ್ಟಿತು. ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಎಂಬ ಬೇರೆ ಸಮಸ್ಯೆಯಲ್ಲಿ ಅದೇ ಸೂಜಿ ಮತ್ತು ಆಸ್ಪಿರಿನ್ ಉಪಯೋಗಕ್ಕೆ ಬರುತ್ತವೆ, ಆದ್ದರಿಂದ ಇದನ್ನು ಓದುವ ಅಕ್ಕ ತಂಗಿಯರು ವೈದ್ಯರನ್ನು ಕೇಳದೆ ಯಾವುದನ್ನೂ ನಿಲ್ಲಿಸಬಾರದು. ಆದರೆ ಯಾವ ಪರೀಕ್ಷೆ ಯಾರಿಗೆ ಬೇಕು, ಯಾವುದು ಬೇಡ ಎಂದು ಇಲಾಖೆಯೇ ಒಂದು ಸುತ್ತೋಲೆ ಹೊರಡಿಸಬೇಕು. ಕಳೆದುಕೊಂಡವರ ಭಯದ ಮೇಲೆ ಬಿಲ್ಲು ಬರೆಯುವುದು ಪಾಪ.

ಈಗಿನ ಬಸುರಿನ ಬಗ್ಗೆ. ಮತ್ತೆ ಗೆರೆ ಮೂಡಿದಾಗ ಸಂತೋಷ ಮೊದಲು ಬರಲಿಲ್ಲ. ಬಾತ್‌ರೂಮಿಗೆ ಹೋದಾಗಲೆಲ್ಲ ರಕ್ತವಿದೆಯೇ ಎಂದು ನೋಡುವ ಕಣ್ಣು, ಯಾರಿಗೂ ಹೇಳದೆ ಕಳೆದ ವಾರಗಳು, ಸ್ಕ್ಯಾನಿನ ಪರದೆಯತ್ತ ತಿರುಗಲು ಒಪ್ಪದ ಮುಖ. ಹೃದಯ ಬಡಿಯುತ್ತಿದೆ ಎಂದು ಡಾಕ್ಟರಮ್ಮ ಹೇಳಿದ ಮೇಲೂ ನಂಬಿಕೆ ಬರಲು ದಿನ ಹಿಡಿಯಿತು. ನಾಲ್ಕನೆಯ ತಿಂಗಳಲ್ಲಿ ಗರ್ಭದ ನೀರಿನ ಪರೀಕ್ಷೆ ಮಾಡಿಸಿ, ಮಗುವಿನ ಕ್ರೋಮೋಸೋಮುಗಳು ಸರಿಯಿವೆ ಎಂದು ವರದಿ ಬಂದ ಮೇಲೆಯೇ ನಾನು ತವರಿಗೆ ಫೋನ್ ಮಾಡಿದ್ದು. ಇಂಥವರಿಗೆ ಬೇಕಾದದ್ದು ಬಹಳವಿಲ್ಲ: ಆರು ಏಳನೆಯ ವಾರದಲ್ಲೇ ಒಂದು ಸ್ಕ್ಯಾನು, ವಾರಕ್ಕೊಮ್ಮೆ ಅದೇ ನರ್ಸು, ರಾತ್ರಿ ಗಾಬರಿಯಾದರೆ ಫೋನೆತ್ತುವ ಒಂದು ಧ್ವನಿ. ನಾರ್ವೆಯ ಆಸ್ಲೊದಲ್ಲಿ ನಡೆದು 1984ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾರಣ ತಿಳಿಯದೆ ಪದೇ ಪದೇ ಗರ್ಭ ಕಳೆದುಕೊಂಡವರಿಗೆ ಹೀಗೆ ಒತ್ತಾಸೆಯಾಗಿ ನಿಂತಾಗ ನೂರಕ್ಕೆ 86 ಗರ್ಭಗಳು ಉಳಿದವು, ಆ ಆರೈಕೆ ಇಲ್ಲದವರಲ್ಲಿ 33. ಅದು ಸಣ್ಣ ಅಧ್ಯಯನ, ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವೂ ಅಲ್ಲ, ಅಷ್ಟೂ ಫಲ ಇಲ್ಲಿ ಸಿಗುತ್ತದೆಂದು ನಾನು ವಾದಿಸುವುದಿಲ್ಲ. ಆದರೆ ಇದರಲ್ಲಿ ಕಳೆದುಕೊಳ್ಳುವಂಥದ್ದೇನೂ ಇಲ್ಲ.

ನಾನು ಸಂಬಳದವಳು, ರಜೆ ಹಾಕಬಲ್ಲೆ. ಗರ್ಭಪಾತವಾದರೆ ಆರು ವಾರ ಸಂಬಳ ಸಹಿತ ರಜೆ ಕೊಡಬೇಕೆಂದು ಕಾನೂನು ಹೇಳುತ್ತದೆ. ಕುಷ್ಟಗಿ, ಯಲಬುರ್ಗಾದ ಒಣ ಹೊಲಗಳಿಂದ ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳ ಕೆಳಗೆ ಶೆಡ್ಡಿನಲ್ಲಿ ಗರ್ಭ ಕಳೆದುಕೊಳ್ಳುವವಳಿಗೆ, ಗಂಗಾವತಿಯ ಗದ್ದೆಯಲ್ಲಿ ನಾಟಿ ಮಾಡುತ್ತಲೇ ನೆತ್ತರು ಕಂಡವಳಿಗೆ ಆ ಆರು ವಾರ ಎಲ್ಲಿದೆ? ಮರುದಿನ ಮತ್ತೆ ಕೆಲಸ. ಆಕೆ ಈ ಪತ್ರ ಬರೆಯುವುದಿಲ್ಲ. ಆಶಾ ಕಾರ್ಯಕರ್ತೆಗೆ ಬಸುರಿಯರ ಪಟ್ಟಿ ಇಡಲು ಹೇಳಿದ್ದೀರಿ, ಕಳೆದುಕೊಂಡವರ ಮನೆಗೂ ಒಮ್ಮೆ ಹೋಗಿ ಬರಲು ಹೇಳಿ, ಅದಕ್ಕೂ ಗೌರವಧನ ಕೊಡಿ.

ಮಾನ್ಯರೇ, ಬರುವ ಬಜೆಟ್ಟಿನಲ್ಲಿ ಕೊಪ್ಪಳ ಜಿಲ್ಲೆಗೆ ಒಬ್ಬ ಆನುವಂಶಿಕ ಸಲಹೆಗಾರರ ಹುದ್ದೆ ಮಂಜೂರು ಮಾಡಿ. ಎರಡನೆಯ ಗರ್ಭಪಾತದ ನಂತರ ಗಂಡ ಹೆಂಡತಿ ಇಬ್ಬರಿಗೂ ಕ್ರೋಮೋಸೋಮ್ ಪರೀಕ್ಷೆ ಉಚಿತ ಎಂದು ಆದೇಶ ಹೊರಡಿಸಿ, ಆ ಆದೇಶದಲ್ಲಿ ‘ಗಂಡನಿಗೂ’ ಎಂಬ ಪದವನ್ನು ಬಿಡದೆ ಬರೆಸಿ. ಅದು ಜಿಲ್ಲೆಯ ಎಲ್ಲ ತಾಲ್ಲೂಕು ಆಸ್ಪತ್ರೆಗಳ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ, ಅತ್ತೆಯಂದಿರು ಓದುವಂತೆ ಇರಲಿ.

ಇಂತಿ ತಮ್ಮ ವಿಶ್ವಾಸಿ,
ಗಂಗಾವತಿಯ ಒಬ್ಬ ಶಿಕ್ಷಕಿ