ಗುರುತ್ವ ಮಸೂರಕ್ಕೆ ಸಂಗಮ ಎಲ್ಲಿ?

ಈ ಸಲದ ಬೋಧನಾಭ್ಯಾಸದಲ್ಲಿ ರೂಪನಗುಡಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಯ ಬೆಳಕಿನ ಪಾಠ ನನ್ನ ಪಾಲಿಗೆ ಬಂದಿತ್ತು. ಪೀನ ಮಸೂರದ ಕಿರಣಚಿತ್ರ ಮುಗಿಸಿದ ಮೇಲೆ ಹತ್ತು ನಿಮಿಷ ಉಳಿಯಿತು. ಬಣ್ಣದಲ್ಲಿ ಮುದ್ರಿಸಿಕೊಂಡು ಹೋಗಿದ್ದ ಒಂದು ಚಿತ್ರ ತೋರಿಸಿದೆ. ಜೇಮ್ಸ್ ವೆಬ್ ದೂರದರ್ಶಕ ತೆಗೆದು, 2022ರ ಜುಲೈಯಲ್ಲಿ ಪ್ರಕಟವಾದ ಎಸ್‌ಮ್ಯಾಕ್ಸ್ 0723 ಎಂಬ ಗೆಲಾಕ್ಸಿ ಗುಚ್ಛದ ಚಿತ್ರ. ಆ ಗುಚ್ಛದ ಬೆಳಕು ನಮ್ಮನ್ನು ಮುಟ್ಟಲು 400 ಕೋಟಿ ವರ್ಷಕ್ಕೂ ಹೆಚ್ಚು ಬೇಕಾಗಿದೆ. ಅದರ ಸುತ್ತ ಬಾಗಿದ ಕೆಂಪು ಗೆರೆಗಳಿವೆ.

"ಟೀಚರ್, ಇವು ಯಾಕ ಹಿಂಗ ಬಗ್ಗ್ಯಾವ?" ಎಂದಳು ಮುಂದಿನ ಸಾಲಿನ ಹುಡುಗಿ. ಅವು ಗುಚ್ಛಕ್ಕಿಂತ ಬಹಳ ಹಿಂದೆ ಇರುವ ಗೆಲಾಕ್ಸಿಗಳು, ನಡುವಿನ ಗುಚ್ಛ ಮಸೂರದಂತೆ ಕೆಲಸ ಮಾಡಿ ಅವುಗಳ ಬೆಳಕನ್ನು ಬಾಗಿಸಿದೆ ಎಂದೆ. ಹಿಂದಿನ ಬೆಂಚಿನಿಂದ ತಕ್ಷಣ ಇನ್ನೊಂದು ಪ್ರಶ್ನೆ: "ಹಂಗಾದ್ರ ಅದರ ಸಂಗಮ ಎಲ್ಲೈತಿ?"

ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿ ಬಂದ ನನಗೆ ಉತ್ತರ ಹೊಳೆಯಲಿಲ್ಲ. "ಬಹಳ ದೂರದಲ್ಲಿದೆ" ಎಂದು ಹೇಳಿ ಕಪ್ಪುಹಲಗೆ ಒರೆಸಿದೆ. ವೀಕ್ಷಣಾ ಪುಸ್ತಕದಲ್ಲಿ "ಪಠ್ಯದ ಹೊರಗೆ ಹೋಗಿದ್ದೀರಿ" ಎಂಬ ಟಿಪ್ಪಣಿ ಬಂತು. ಆ ಟಿಪ್ಪಣಿಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಹೊರಗೆ ಹೋದದ್ದು ತಪ್ಪಲ್ಲ, ಸಿದ್ಧತೆಯಿಲ್ಲದೆ ಹೋದದ್ದು ತಪ್ಪು. ಹುಡುಗನ ಪ್ರಶ್ನೆಯಾದರೋ ಪಠ್ಯದ ಒಳಗಿನದೇ. ಹದಿನೈದು ನಿಮಿಷದ ಹಿಂದೆ 'ಪ್ರಧಾನ ಸಂಗಮ' ಎಂಬ ಪದವನ್ನು ಅವನಿಗೆ ಕಲಿಸಿದವಳು ನಾನೇ.

ಮಸೂರ ಎಂದರೆ ನಮ್ಮ ಅಡುಗೆಮನೆಯ ಚನ್ನಂಗಿ ಬೇಳೆ. ಆ ಕಾಳಿನ ಆಕಾರದಿಂದಲೇ ಗಾಜಿಗೆ ಆ ಹೆಸರು ಬಂತು. ಪೀನ ಮಸೂರದ ನಟ್ಟನಡುವೆ ಹೋಗುವ ಕಿರಣ ಬಾಗುವುದಿಲ್ಲ. ಅಂಚಿನ ಕಡೆಗೆ ಹೋದಂತೆ ಹೆಚ್ಚು ಬಾಗುತ್ತದೆ. ಹಾಗಾಗಿಯೇ ಎಲ್ಲ ಕಿರಣಗಳೂ ಒಂದೇ ಬಿಂದುವಿಗೆ ಬಂದು ಸೇರುತ್ತವೆ. ಗುರುತ್ವದ ಲೆಕ್ಕ ಇದಕ್ಕೆ ತಿರುವುಮುರುವು. ಸೂರ್ಯನ ಅಂಚನ್ನು ಸವರಿ ಬರುವ ನಕ್ಷತ್ರದ ಬೆಳಕು 1.75 ಸೆಕೆಂಡು ಕೋನದಷ್ಟು ಬಾಗುತ್ತದೆ, ಅಂದರೆ ಒಂದು ಸೆಂಟಿಮೀಟರ್ ಉದ್ದದ ಹತ್ತಿ ಬೀಜವನ್ನು ಸುಮಾರು 1.2 ಕಿಲೋಮೀಟರ್ ದೂರದಿಂದ ನೋಡಿದಷ್ಟು. ಸೂರ್ಯನ ಕೇಂದ್ರದಿಂದ ಎರಡು ಪಟ್ಟು ದೂರದಲ್ಲಿ ಹಾದರೆ ಬಾಗುವುದು ಅದರ ಅರ್ಧ. ಹೀಗಾಗಿ ಹತ್ತಿರದ ಕಿರಣಗಳು ಬೇಗ ಕೂಡುತ್ತವೆ, ದೂರದವು ತಡವಾಗಿ. ಸೂರ್ಯನ ಅಂಚಿನ ಕಿರಣಗಳು ಕೂಡುವ ಜಾಗ ಭೂಮಿ-ಸೂರ್ಯರ ನಡುವಿನ ದೂರದ ಸುಮಾರು 550 ಪಟ್ಟು ಆಚೆ ಇದೆ. ಅಲ್ಲಿಂದ ಮುಂದೆ ಸಾಲಾಗಿ ಬೇರೆ ಬೇರೆ ಕಿರಣಗಳು ಕೂಡುತ್ತಲೇ ಹೋಗುತ್ತವೆ. ಸಂಗಮ ಬಿಂದುವಲ್ಲ, ಒಂದು ಗೆರೆ! ಆ ಹುಡುಗನಿಗೆ ಸಿಗಬೇಕಾಗಿದ್ದ ಉತ್ತರ ಇದು. ಗುಚ್ಛದಲ್ಲಿ ದ್ರವ್ಯ ಹರಡಿಕೊಂಡಿರುವುದರಿಂದ ಲೆಕ್ಕ ಇನ್ನಷ್ಟು ಜಟಿಲವಾಗುತ್ತದೆ, ಆದರೆ ಅಲ್ಲೂ ಒಂದೇ ಸಂಗಮ ಇರುವುದಿಲ್ಲ. ಅದಕ್ಕೇ ಬಿಂಬ ಉಂಗುರವಾಗಿ, ಕಮಾನಾಗಿ ಎಳೆದುಕೊಳ್ಳುತ್ತದೆ.

ಇನ್ನು ನಮ್ಮ ಬೆಡ್‌ಶೀಟ್ ಪ್ರಯೋಗ. ನಾಲ್ವರು ಮಕ್ಕಳು ಬಟ್ಟೆ ಹಿಡಿದು, ನಡುವೆ ಕಬ್ಬಿಣದ ಗುಂಡು ಇಟ್ಟು, ಗೋಲಿ ಉರುಳಿಸುವುದು. ಪ್ರಶಿಕ್ಷಣಾರ್ಥಿಗಳಾದ ನಮಗೆಲ್ಲ ಇದು ಅಚ್ಚುಮೆಚ್ಚು, ವೀಕ್ಷಕರೂ ಮೆಚ್ಚುತ್ತಾರೆ. ಗುಂಡು ಬಟ್ಟೆಯನ್ನು ತಗ್ಗಿಸುವುದು ಭೂಮಿಯ ಗುರುತ್ವದಿಂದ. ಗುರುತ್ವವನ್ನು ವಿವರಿಸಲು ಗುರುತ್ವವನ್ನೇ ಸಾಲ ತಂದ ಹಾಗಾಯಿತು. ಬೆಳಕು ಏನು ಮಾಡಿತು ಎಂಬುದಂತೂ ಅದರಲ್ಲಿ ಕಾಣುವುದೇ ಇಲ್ಲ.

ನನ್ನ ಮಾತು ಇಷ್ಟೇ: ಬಳ್ಳಾರಿ ಸೀಮೆಯಲ್ಲಿ ಈ ಪಾಠ ಬಿಸಿಲ್ಗುದುರೆಯಿಂದ ಆರಂಭವಾಗಲಿ. ಏಪ್ರಿಲ್ ತಿಂಗಳ ಡಾಂಬರು ರಸ್ತೆಯಲ್ಲಿ ನೀರು ನಿಂತಂತೆ ಕಾಣುವುದನ್ನು ನೋಡದ ಮಗು ಇಲ್ಲಿಲ್ಲ. ಗಾಜಿಲ್ಲ, ಮೇಲ್ಮೈಯಿಲ್ಲ, ಆದರೂ ಕಿರಣ ಮೆಲ್ಲಗೆ ಬಾಗುತ್ತದೆ, ಒಂದೇ ಆಕಾಶ ಮೇಲೊಮ್ಮೆ ಕೆಳಗೊಮ್ಮೆ ಕಾಣುತ್ತದೆ. ಬಾಗುವ ಕಾರಣ ಮಾತ್ರ ಬೇರೆ: ಇಲ್ಲಿ ಗಾಳಿಯ ಬಿಸಿ, ಅಲ್ಲಿ ದ್ರವ್ಯದ ಗುರುತ್ವ. ಇದನ್ನು ಬಿಡಿಸಿ ಹೇಳಲೇಬೇಕು. ಗುರುತ್ವ ಎಲ್ಲ ಬಣ್ಣಗಳನ್ನೂ ಸಮನಾಗಿ ಬಾಗಿಸುತ್ತದೆ ಎಂದರೆ ಪ್ರಿಸಂ ನೋಡಿದ ಮಕ್ಕಳಿಗೆ ಅದೂ ಒಂದು ಅಚ್ಚರಿ.

ಆಮೇಲೆ ಕಾಲಿರುವ ಗಾಜಿನ ಲೋಟದ ತಳ. ನನಗೆ ಜ್ಯೂಸ್ ಅಂಗಡಿಯೊಂದರಲ್ಲಿ ಬಾಯಿ ಒಡೆದ ಐಸ್‌ಕ್ರೀಮ್ ಗ್ಲಾಸು ಪುಕ್ಕಟೆ ಸಿಕ್ಕಿತು. ಗಾಜಿನ ಅಂಗಡಿಯವರು ಕಾಲನ್ನು ತಳದ ತನಕ ಕತ್ತರಿಸಿ, ಅಂಚು ಉಜ್ಜಿಕೊಟ್ಟರು. ನಡುವೆ ದಪ್ಪ, ಅಂಚಿಗೆ ಹೋದಂತೆ ತೆಳು. ನಡುವಿನ ಹತ್ತಿರವೇ ಇಳಿಜಾರು ಹೆಚ್ಚು. ಗ್ರಾಫ್ ಹಾಳೆಯ ಮೇಲೊಂದು ಕೆಂಪು ಚುಕ್ಕೆ ಇಟ್ಟು ಅದರ ಮೂಲಕ ನೋಡಿದರೆ ಚುಕ್ಕೆ ಉಂಗುರವಾಗುತ್ತದೆ. ತುಸು ಸರಿಸಿದರೆ ಉಂಗುರ ಮುರಿದು ಎರಡು ಕಮಾನು. ವೆಬ್ ಚಿತ್ರ ಕೈಯಲ್ಲಿ ಬಂದಂತೆ!

ಇದೆಲ್ಲ ನಮಗೆ ದೂರದ ವಿಷಯ ಎನ್ನುವವರಿಗೆ ಒಂದು ಮಾತು. ಒಂದೇ ಕ್ವೇಸಾರ್ ಎರಡಾಗಿ ಕಂಡ ಮೊದಲ ಉದಾಹರಣೆ ಸಿಕ್ಕಿದ್ದು 1979ರಲ್ಲಿ. ಇಂಥ ಬಹುಬಿಂಬಗಳಲ್ಲಿ ಗೆಲಾಕ್ಸಿಗಳ ಮತ್ತು ಗುಚ್ಛಗಳ ಪಾತ್ರವನ್ನು ಕುರಿತು 1984ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಲೇಖನ ಬರೆದ ಮೂವರಲ್ಲಿ ರಾಜಾರಾಂ ನಿತ್ಯಾನಂದ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು. ಉಳಿದಿಬ್ಬರು ರಮೇಶ್ ನಾರಾಯಣ್, ರೋಜರ್ ಬ್ಲಾಂಡ್‌ಫೋರ್ಡ್. ಏಬಲ್ 370 ಎಂಬ ಗುಚ್ಛದ ದೊಡ್ಡ ಕಮಾನು ಹಿಂದಿನ ಗೆಲಾಕ್ಸಿಯ ಎಳೆದ ಬಿಂಬವೆಂದು ಖಚಿತವಾದದ್ದು ಅದರ ನಾಲ್ಕು ವರ್ಷಗಳ ನಂತರ. ಕಮಾನು ಎಷ್ಟು ಅಗಲ ಎಂಬುದರಿಂದ ಗುಚ್ಛವನ್ನೇ ತೂಗಬಹುದು. ತೂಗಿದರೆ ನಕ್ಷತ್ರಗಳೂ ಬಿಸಿ ಅನಿಲವೂ ಸೇರಿ ಸುಮಾರು ಆರರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಕಣ್ಣಿಗೆ ಕಾಣದ ದ್ರವ್ಯ.

ನಮ್ಮ ಪಾಠಯೋಜನೆಯ ನಮೂನೆಯಲ್ಲಿ 'ನಿರೀಕ್ಷಿತ ಉತ್ತರ' ಎಂಬ ಅಂಕಣವಿದೆ. ಪಕ್ಕದಲ್ಲಿ 'ಮಕ್ಕಳು ಕೇಳಬಹುದಾದ ಪ್ರಶ್ನೆ' ಎಂಬ ಇನ್ನೊಂದು ಅಂಕಣ ಸೇರಲಿ, ಅದಕ್ಕೂ ಅಂಕ ಇರಲಿ ಎಂದು ನಮ್ಮ ಬೋಧಕರನ್ನು ಕೇಳಿಕೊಳ್ಳುತ್ತೇನೆ. ಬೋಧನಾಭ್ಯಾಸದ ಕೊನೆಯ ದಿನ ಆ ತರಗತಿಗೆ ಹೋಗಿ, ನನ್ನ ಉತ್ತರ ತಪ್ಪಾಗಿತ್ತು ಎಂದು ಹೇಳಿ, ಸಂಗಮದ ಗೆರೆಯನ್ನು ಬರೆದು ತೋರಿಸಿದೆ. ಲೋಟದ ತಳ ಬೆಂಚಿನಿಂದ ಬೆಂಚಿಗೆ ಹೋಗಿ, ಗಂಟೆ ಹೊಡೆದ ಮೇಲೂ ವಾಪಸು ಬರಲಿಲ್ಲ. ಇನ್ನೊಂದನ್ನು ಕತ್ತರಿಸಿ ನಮ್ಮ ವಿಜ್ಞಾನ ಪ್ರಯೋಗಾಲಯದಲ್ಲಿ ಪ್ರಿಸಂ ಪೆಟ್ಟಿಗೆಯ ಪಕ್ಕ ಇಟ್ಟಿದ್ದೇನೆ. ಅಂಚು ಸ್ವಲ್ಪ ಒರಟಿದೆ, ನೋಡಿಕೊಂಡು ಹಿಡಿಯಿರಿ.