ಮೊದಲು ಕೆಲಸ ಮಾಡಿಸಿ ನೋಡಿ



ಅಂಗವಿಕಲರಿಗೆ ಕೆಲಸ ಕೊಡುವ ಮಾತು ಬಂದಾಗಲೆಲ್ಲ ಖಾಸಗಿ ಕಂಪನಿಗಳವರು ಹೇಳುವುದು ಒಂದೇ: ‘ನಾವು ತಯಾರಿದ್ದೇವೆ, ಅರ್ಹರೇ ಸಿಗುತ್ತಿಲ್ಲ’. ಅರ್ಹತೆಯನ್ನು ಪರೀಕ್ಷಿಸುವ ಗೋಜಿಗೇ ಹೋಗದವರು ಹೀಗೆ ದೂರುವುದು ಎಷ್ಟು ಸರಿ?

ನಮ್ಮ ಪಕ್ಕದ ಮನೆಯ ಹುಡುಗಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಬಿ.ಕಾಂ. ಮುಗಿಸಿ ಟ್ಯಾಲಿ ಕಲಿತಿದ್ದಾಳೆ. ಜಿಎಸ್‌ಟಿ ಬಿಲ್‌ಗಳನ್ನು ಎಂಟ್ರಿ ಮಾಡುವ ಕೆಲಸಕ್ಕೆ ಅರ್ಜಿ ಹಾಕಿದಳು. ಶ್ರವಣದೋಷ ಇದೆ ಎಂದು ಅರ್ಜಿಯಲ್ಲೇ ಬರೆದಿದ್ದರೂ ಕಂಪನಿಯವರು ಇಟ್ಟಿದ್ದು ಫೋನ್ ಸಂದರ್ಶನ! ‘ವಾಟ್ಸ್‌ಆ್ಯಪ್‌ನಲ್ಲಿ ಪ್ರಶ್ನೆ ಕಳಿಸಿ, ಇಲ್ಲವೇ ಕಚೇರಿಗೆ ಕರೆದು ಕಂಪ್ಯೂಟರ್ ಮುಂದೆ ಕೂರಿಸಿ ನೋಡಿ ಸರ್’ ಎಂದು ಮೆಸೇಜ್ ಮಾಡಿದ್ದಕ್ಕೆ, ‘ನಿಮಗೇ ತೊಂದರೆ ಆಗುತ್ತೆ ಮೇಡಂ, ಬೇರೆ ಕಡೆ ನೋಡಿ’ ಎಂಬ ಉತ್ತರ ಬಂತು. ಒಂದೇ ಒಂದು ಬಿಲ್ಲನ್ನೂ ಅವಳಿಂದ ಎಂಟ್ರಿ ಮಾಡಿಸಿ ನೋಡಲಿಲ್ಲ. ಕನಿಕರದ ದನಿಯಲ್ಲಿ ಬೇಡ ಎಂದವರ ಜೊತೆ ಜಗಳವಾಡುವುದಾದರೂ ಹೇಗೆ?

ಕೆಲವು ಜಾಹೀರಾತುಗಳೂ ಹಾಗೇ ಇವೆ. ದಿನವಿಡೀ ಕುರ್ಚಿಯಲ್ಲಿ ಕೂತು ಮಾಡುವ ಬಿಲ್ಲಿಂಗ್ ಕೆಲಸಕ್ಕೂ ‘ಸ್ವಂತ ಬೈಕ್, ಲೈಸೆನ್ಸ್ ಕಡ್ಡಾಯ’. ಬೈಕ್ ಓಡಿಸಲಾಗದವರು ಅರ್ಜಿ ಹಾಕುವ ಮೊದಲೇ ಹೊರಗುಳಿಯುತ್ತಾರೆ.

ಅಂಗವಿಕಲರ ಹಕ್ಕುಗಳ ಕಾಯ್ದೆ–2016 ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4ರಷ್ಟು ಮೀಸಲಾತಿ ನೀಡಿದೆ. ಖಾಸಗಿ ವಲಯದಲ್ಲಿ ಶೇ 5ರಷ್ಟು ಅಂಗವಿಕಲ ಸಿಬ್ಬಂದಿ ಇರುವಂತೆ ಸರ್ಕಾರ ಉತ್ತೇಜನ ಕೊಡಬೇಕು ಎಂದಿದೆಯೇ ಹೊರತು ಕಡ್ಡಾಯ ಮಾಡಿಲ್ಲ. ಹಾಗೆಂದು ಖಾಸಗಿಯವರನ್ನು ಪೂರ್ತಿ ಬಿಟ್ಟೂ ಇಲ್ಲ. 21ನೇ ಸೆಕ್ಷನ್ ಪ್ರಕಾರ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಪ್ರಕಟಿಸಿ, ಅದನ್ನು ಅಂಗವಿಕಲರ ಆಯುಕ್ತರಲ್ಲಿ ನೋಂದಾಯಿಸಬೇಕು. ಸಿಬ್ಬಂದಿ ಸಂಖ್ಯೆ 20 ಅಥವಾ ಹೆಚ್ಚಿದ್ದರೆ, ಅಂಗವಿಕಲರಿಗೆ ಸೂಕ್ತವಾದ ಹುದ್ದೆಗಳು ಯಾವುವು, ಆಯ್ಕೆ ಹೇಗೆ ಎಂಬುದೂ ಅದರಲ್ಲಿರಬೇಕು. ಎಷ್ಟು ಕಂಪನಿಗಳು ಇದನ್ನು ಮಾಡಿವೆ ಎಂದು ಯಾರಾದರೂ ಕೇಳಿದ್ದಾರೆಯೇ?

ಖರ್ಚು ಹೆಚ್ಚು ಎಂಬ ನೆಪವೂ ಎಲ್ಲ ಕಡೆ ನಿಲ್ಲುವುದಿಲ್ಲ. ದೃಷ್ಟಿದೋಷವುಳ್ಳವರಿಗೆ ಕಂಪ್ಯೂಟರ್ ಪರದೆ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತ. ಹೊಸೂರಿನ ಟೈಟಾನ್ ಕೈಗಡಿಯಾರ ಕಾರ್ಖಾನೆ ದಶಕಗಳಿಂದ ಶ್ರವಣದೋಷವುಳ್ಳವರಿಗೆ ಕೆಲಸ ಕೊಡುತ್ತಾ ಬಂದಿದೆ. ಅಂಗವಿಕಲರೇ ನಡೆಸುವ ಮಿಟ್ಟಿ ಕೆಫೆ 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾಗಿ, 2023ರಲ್ಲಿ ಸುಪ್ರೀಂ ಕೋರ್ಟ್ ಆವರಣಕ್ಕೂ ಕಾಲಿಟ್ಟಿತು. ಇಲ್ಲೆಲ್ಲ ಅರ್ಹರು ಸಿಕ್ಕರಲ್ಲವೇ?

ಸಮಾನ ಅವಕಾಶ ನೀತಿ ನೋಂದಾಯಿಸಿದ ಕಂಪನಿಗಳ ಪಟ್ಟಿಯನ್ನು ಆಯುಕ್ತರ ಕಚೇರಿ ಜಿಲ್ಲಾವಾರು ಪ್ರಕಟಿಸಲಿ. ಕೆಲಸಕ್ಕೆ ನಿಜಕ್ಕೂ ಬೇಕಾದ ಅರ್ಹತೆಯನ್ನಷ್ಟೇ ಮಾಲೀಕರು ಜಾಹೀರಾತಿನಲ್ಲಿ ಕೇಳಲಿ. ಬಂದವರಿಗೆ ಆ ಕೆಲಸವನ್ನೇ ಕೊಟ್ಟು ಪರೀಕ್ಷಿಸಲಿ. ಅದರಲ್ಲಿ ಸೋತರೆ ಬೇಡ ಎನ್ನಲಿ, ಯಾರ ತಕರಾರೂ ಇರುವುದಿಲ್ಲ.

– ಒಬ್ಬ ಓದುಗಿ, ದಾವಣಗೆರೆ